ಮೂರು ವಾಚು, ಆರು ಬೆಲ್ಟು

ಮೊದಲೇ ಹೇಳಿಬಿಡುತ್ತೇನೆ, ಮೂರು ವಾಚು ಸಾಕು. ಹೊಸದಾಗಿ ಈ ಹುಚ್ಚು ಹತ್ತಿದವರಿಗೆ ಮೂರೇ ಅಂದರೆ ಬೇಜಾರಾಗುತ್ತದೆ, ಗೊತ್ತು. ಇಲ್ಲಿ ಕೂತಿರುವ ಕೆಲವರ ಫೋನಿನಲ್ಲಿ ಈಗಾಗಲೇ ಹತ್ತಿಪ್ಪತ್ತು ವಾಚಿನ ಫೋಟೋ ಇರುತ್ತವೆ. ಇರಲಿ ಬಿಡಿ, ಫೋಟೋಗೆ ದುಡ್ಡು ಕೊಡಬೇಕಿಲ್ಲ. ಆದರೆ ಕೊಳ್ಳುವ ಮುಂಚೆ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ. ನನ್ನ ಹತ್ತಿರ ಈಗ ಇರುವ ವಾಚಿನ ಕೈಲಿ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಉತ್ತರ ಹೊಳೆಯದಿದ್ದರೆ ನೀವು ಅದೇ ವಾಚನ್ನು ಮತ್ತೆ ಕೊಳ್ಳುತ್ತಿದ್ದೀರಿ, ಬಣ್ಣ ಬೇರೆ ಅಷ್ಟೆ.

ಎಷ್ಟೋ ಜನರ ಡಬ್ಬಿ ತೆಗೆದು ನೋಡಿದರೆ ಇದೇ ಕತೆ. ಐದು ವಾಚು ಇರುತ್ತವೆ. ಐದೂ ದಪ್ಪ, ಐದಕ್ಕೂ ಕಪ್ಪು ಡಯಲ್, ಐದಕ್ಕೂ ಸ್ಟೀಲ್ ಚೈನು. ಮದುವೆಗೆ ಹೊರಟರೆ ತುಂಬುತೋಳಿನ ಅಂಗಿಯ ಗುಂಡಿ ಹಾಕಲು ಬಿಡುವುದಿಲ್ಲ. ಮಳೆಯಲ್ಲಿ ಬೈಕ್ ಓಡಿಸುವಾಗ ಕಟ್ಟಲು ಮನಸ್ಸು ಬರುವುದಿಲ್ಲ, ಅಷ್ಟು ದುಡ್ಡು ಕೊಟ್ಟಿರುತ್ತಾರೆ. ಕೊನೆಗೆ ದಿನಾ ಕಟ್ಟುವುದು ಒಂದನ್ನೇ. ಉಳಿದ ನಾಲ್ಕು ಡಬ್ಬಿಯಲ್ಲೇ ನಿಂತಿರುತ್ತವೆ.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ವಾರವನ್ನು ಬರೆಯಿರಿ. ಸೋಮವಾರದಿಂದ ಭಾನುವಾರದವರೆಗೆ ನಿಮ್ಮ ಕೈ ಏನೇನು ಮಾಡುತ್ತದೆ? ಲ್ಯಾಪ್‌ಟಾಪ್ ಮುಂದೆ ಇರುತ್ತದಾ, ಅಡುಗೆ ಮನೆಯಲ್ಲಿ ಹತ್ತು ಸಲ ನೀರಿಗೆ ಬೀಳುತ್ತದಾ, ತೋಟದಲ್ಲಿ ಗುದ್ದಲಿ ಹಿಡಿಯುತ್ತದಾ, ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುತ್ತದಾ. ನರ್ಸ್ ಕೆಲಸ ಮಾಡುವವರಿಗೆ ನಾಡಿ ಎಣಿಸಲು ದೂರದಿಂದಲೂ ಕಾಣುವ ಸೆಕೆಂಡ್ ಮುಳ್ಳು ಬೇಕು. ಮೇಷ್ಟ್ರಿಗೆ ಒಂದು ನೋಟಕ್ಕೆ ಓದಲು ಬರುವ ದೊಡ್ಡ ಅಂಕಿ ಬೇಕು. ರಾತ್ರಿ ಪಾಳಿಯವರಿಗೆ ಕತ್ತಲಲ್ಲಿ ಹೊಳೆಯುವ ಮುಳ್ಳು ಬೇಕು. ಈ ಚೀಟಿ ಕೈಯಲ್ಲಿದ್ದರೆ ಅಂಗಡಿಯವನ ಮಾತು ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಕೆಲಸ ಮನೆಯಲ್ಲೇ ಆಗಬೇಕು, ಅಳತೆ. ಜಾಹೀರಾತಿನಲ್ಲಿ 40 ಮಿಲಿಮೀಟರ್, 42 ಮಿಲಿಮೀಟರ್ ಅಂತ ಬರೆದಿರುತ್ತಾರಲ್ಲ, ಅದು ವಾಚಿನ ಅಡ್ಡಗಲ. ಕೈಗೆ ಕೂರುತ್ತದೋ ಇಲ್ಲವೋ ಅನ್ನುವುದು ಅದರಿಂದ ಪೂರ್ತಿ ತಿಳಿಯುವುದಿಲ್ಲ. ಬೆಲ್ಟು ಸಿಕ್ಕಿಸುವ ಕಿವಿಗಳು ಇರುತ್ತವಲ್ಲ, ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿಗೆ ಎಷ್ಟಿದೆ, ಅದನ್ನು ನೋಡಿ. ಉದಾಹರಣೆಗೆ ಸೀಕೊ 5 ಸ್ಪೋರ್ಟ್ಸ್‌ನ ಒಂದು ಜನಪ್ರಿಯ ಮಾದರಿ 42.5 ಮಿಲಿಮೀಟರ್ ಅಗಲ. ಕೇಳಿದರೆ ದೊಡ್ಡದು ಅನಿಸುತ್ತದೆ. ಆದರೆ ಕಿವಿಯಿಂದ ಕಿವಿಗೆ 46 ಮಿಲಿಮೀಟರ್ ಅಷ್ಟೆ, ಹಾಗಾಗಿ ಸಣ್ಣ ಕೈಗೂ ಕೂರುತ್ತದೆ. ಅದೇ 40 ಮಿಲಿಮೀಟರಿನ ಕೆಲವು ವಾಚುಗಳಿಗೆ ಕಿವಿ ಉದ್ದ ಇರುತ್ತದೆ, ಎರಡೂ ಕಡೆ ಕೈ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ.

ಇಲ್ಲಿ ನೋಡಿ, ಒಂದು ಬಿಳಿ ಕಾಗದದ ಪಟ್ಟಿ. 46 ಮಿಲಿಮೀಟರಿಗೆ ಒಂದು ಗೆರೆ, 48ಕ್ಕೆ ಒಂದು, 50ಕ್ಕೆ ಒಂದು. ಕೈಯನ್ನು ಮೇಜಿನ ಮೇಲೆ ಅಂಗಾತ ಅಲ್ಲ, ಬೋರಲಾಗಿ ಇಡಿ. ಮಣಿಕಟ್ಟಿನ ಗಂಟು ಇದೆಯಲ್ಲ, ಅದರ ಸ್ವಲ್ಪ ಹಿಂದೆ, ವಾಚು ಕೂರುವ ಕಡೆ, ಪಟ್ಟಿಯನ್ನು ಅಡ್ಡ ಇಡಿ. ಕೈ ಚಪ್ಪಟೆ ಇರುವ ಜಾಗ ಎಲ್ಲಿ ಮುಗಿದು ಇಳಿಜಾರು ಶುರುವಾಗುತ್ತದೆ ನೋಡಿ. ನನಗೆ 48ರ ಗೆರೆ ಹತ್ತಿರ ಮುಗಿಯುತ್ತದೆ. ಅಂದರೆ ಕಿವಿಯಿಂದ ಕಿವಿಗೆ 48 ದಾಟಿದ ವಾಚು ನನಗೆ ಬೇಡ, ಅದು ಎಷ್ಟೇ ಚೆನ್ನಾಗಿರಲಿ. ಈ ಪಟ್ಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗಂತೂ ಇದು ಬೇಕೇ ಬೇಕು, ಅಲ್ಲಿ ಫೋಟೋದಲ್ಲಿ ಎಲ್ಲ ವಾಚೂ ಒಂದೇ ಸೈಜಿನಲ್ಲಿ ಕಾಣುತ್ತವೆ.

ಹೆಂಗಸರ ವಾಚು, ಗಂಡಸರ ವಾಚು ಅಂತ ಅಂಗಡಿಯಲ್ಲಿ ಎರಡು ಕಪಾಟು ಮಾಡಿರುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಎಚ್‌ಎಂಟಿ ಜನತಾ ಸುಮಾರು 35 ಮಿಲಿಮೀಟರ್. ಒಂದು ಕಾಲಕ್ಕೆ ಅದು ಗಂಡಸರ ಕೈಯಲ್ಲಿ ಇರುತ್ತಿದ್ದ ವಾಚು, ಇವತ್ತು ಎಷ್ಟೋ ಹುಡುಗಿಯರು ಕಟ್ಟುತ್ತಾರೆ, ಚೆನ್ನಾಗಿಯೇ ಕಾಣುತ್ತದೆ. ಪಟ್ಟಿ ಏನು ಹೇಳುತ್ತದೋ ಅದನ್ನು ಕೇಳಿ.

ಈಗ ಒಳಗಿನ ಮಷೀನು. ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಮೂರು ಥರ ಇದೆ. ಸೆಲ್ಲು ಹಾಕುವ ಕ್ವಾರ್ಟ್ಜ್, ದಿನಾ ಕೀ ಕೊಡುವ ವಾಚು, ಕೈ ಆಡಿದರೆ ತಾನೇ ಕೀ ಸುತ್ತಿಕೊಳ್ಳುವ ಆಟೋಮ್ಯಾಟಿಕ್. ಕ್ವಾರ್ಟ್ಜ್‌ನಲ್ಲಿ ಒಂದು ಸಣ್ಣ ಹರಳಿಗೆ ವಿದ್ಯುತ್ ಕೊಡುತ್ತಾರೆ, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಯಾಕೆ ಇಂಥ ವಿಚಿತ್ರ ಸಂಖ್ಯೆ ಅಂತ ಕೇಳಬಹುದು. ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿದರೆ ಸರಿಯಾಗಿ ಒಂದು ಬರುತ್ತದೆ. ಸೆಕೆಂಡಿಗೆ ಒಂದು ಬಡಿತ, ಮುಳ್ಳು ಒಂದು ಹೆಜ್ಜೆ. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆಗುತ್ತದೆ. ಆಟೋಮ್ಯಾಟಿಕ್ ವಾಚಿಗೆ ಅಷ್ಟು ವ್ಯತ್ಯಾಸ ಒಂದೇ ದಿನದಲ್ಲಿ ಆಗಬಹುದು. ಸೀಕೊದ ಹಳೇ 7ಎಸ್26 ಮಷೀನಿಗೆ ಕಂಪನಿಯೇ ಕೊಟ್ಟಿದ್ದ ಲೆಕ್ಕ ದಿನಕ್ಕೆ 20 ಸೆಕೆಂಡು ಹಿಂದೆ, ಇಲ್ಲಾ 40 ಸೆಕೆಂಡು ಮುಂದೆ. ಹೆಚ್ಚಿನವು ಇದಕ್ಕಿಂತ ಚೆನ್ನಾಗಿಯೇ ಓಡುತ್ತವೆ, ಆದರೆ ದುಡ್ಡು ಜಾಸ್ತಿ ಕೊಟ್ಟರೆ ಟೈಮು ಜಾಸ್ತಿ ಸರಿ ಇರುತ್ತದೆ ಅನ್ನುವ ಲೆಕ್ಕ ವಾಚಿನ ಲೋಕದಲ್ಲಿ ನಡೆಯುವುದಿಲ್ಲ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಮೊದಲ ಕ್ವಾರ್ಟ್ಜ್ ಕೈಗಡಿಯಾರ ಬಂದಿದ್ದು 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ, ಸೀಕೊ ಆಸ್ಟ್ರಾನ್. ಬೆಲೆ ನಾಲ್ಕೂವರೆ ಲಕ್ಷ ಯೆನ್, ಆಗ ಅಲ್ಲಿ ಆ ದುಡ್ಡಿಗೆ ಒಂದು ಕಾರು ಬರುತ್ತಿತ್ತು. ಆಮೇಲೆ ಬೆಲೆ ಎಷ್ಟು ಬೇಗ ಇಳಿಯಿತು ಅಂದರೆ ಸ್ವಿಟ್ಜರ್ಲೆಂಡಿನ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ಆ ಗಾಳಿ ಬೆಂಗಳೂರಿಗೂ ಬಡಿಯಿತು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಶುರುಮಾಡಿತ್ತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಆಯಿತು. ಕ್ವಾರ್ಟ್ಜ್ ವಾಚನ್ನು ಎಚ್‌ಎಂಟಿಯೂ ಮಾಡಿತು, ಆದರೆ ಮನಸ್ಸೆಲ್ಲ ಕೀ ವಾಚಿನ ಮೇಲೆಯೇ ಇತ್ತು. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೂ ಸೇರಿ ಟೈಟಾನ್ ಕಟ್ಟಿದರು. ಇಲ್ಲೇ ಹೊಸೂರಿನಲ್ಲಿ ಕಾರ್ಖಾನೆ, ಕ್ವಾರ್ಟ್ಜ್ ಮೇಲೆ ಪೂರ್ತಿ ಗಮನ, ಫಳಫಳ ಹೊಳೆಯುವ ಶೋರೂಮು. ಜನ ಅತ್ತ ಹೊರಳಿದರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2016ರ ಜನವರಿಯಲ್ಲಿ. ಮುಚ್ಚುತ್ತದೆ ಅಂತ ಸುದ್ದಿ ಬಂದ ಮೇಲೆ ನೋಡಬೇಕಿತ್ತು, ಅದುವರೆಗೆ ತಿರುಗಿಯೂ ನೋಡದವರೆಲ್ಲ ವಾಚು ಹುಡುಕಿಕೊಂಡು ಹೊರಟರು.

ಸರಿ, ಮೊದಲ ವಾಚಿಗೆ ಬರೋಣ. ಇದು ಒರಟು ಕೆಲಸದ ವಾಚು. ಬಿದ್ದರೂ ಒದ್ದೆಯಾದರೂ ಕಳೆದೇ ಹೋದರೂ ನಿಮಗೆ ರಾತ್ರಿ ನಿದ್ದೆ ಬರಬೇಕು, ಅಂಥದ್ದು. ಇದಕ್ಕೆ ಡಿಜಿಟಲ್ ಒಳ್ಳೆಯದು. ಕ್ಯಾಸಿಯೊ ಎಫ್-91ಡಬ್ಲ್ಯು ಎಲ್ಲರೂ ನೋಡಿರುತ್ತೀರಿ, 1989ರಿಂದ ಹಾಗೆಯೇ ಬರುತ್ತಿದೆ. 21 ಗ್ರಾಂ ತೂಕ, ಕೈಯಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಸೆಲ್ಲು ಏಳು ವರ್ಷ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಅಲಾರಂ ಇದೆ, ಸ್ಟಾಪ್‌ವಾಚ್ ಇದೆ. ಲೈಟು ಮಾತ್ರ ದಂಡ, ಎಡ ಮೂಲೆಯಲ್ಲಿ ಹಸಿರಾಗಿ ಒಂದು ಮಿಣುಕು, ಬಲಗಡೆಯ ಅಂಕಿ ಕತ್ತಲಲ್ಲೇ. ಈಜಲು ಹೋಗುವವರಾದರೆ ಅದರ ಮೇಲಿನ ಎಇ-1200 ತೆಗೆದುಕೊಳ್ಳಿ, 100 ಮೀಟರ್ ಅಂತ ಬರೆದಿದೆ, ಸೆಲ್ಲು ಹತ್ತು ವರ್ಷ. ಗಾರೆ ಕೆಲಸ, ಗ್ಯಾರೇಜು, ತೋಟ ಅಂತ ಇರುವವರು ನೇರ ಕ್ಯಾಸಿಯೊದ್ದೇ ಗಟ್ಟಿಮುಟ್ಟಾದ ಜಿ-ಶಾಕ್‌ಗೆ ಹೋಗಿ. ಚೌಕದ ಡಿಡಬ್ಲ್ಯು-5600 ಸಾಕು. ದೊಡ್ಡ ದೊಡ್ಡ ಮುಳ್ಳುಗಳ ಜಿ-ಶಾಕ್ ನೋಡಲು ಗತ್ತಾಗಿದೆ, ಟೈಮು ಓದಲು ಮಾತ್ರ ಹುಡುಕಾಡಬೇಕು.

ಜಿ-ಶಾಕ್ ಹುಟ್ಟಿದ ಕತೆ ನನಗೆ ಬಲು ಇಷ್ಟ. ಕಿಕುವೊ ಇಬೆ ಅನ್ನುವ ಕ್ಯಾಸಿಯೊ ಎಂಜಿನಿಯರ್. ಅಪ್ಪ ಕೊಟ್ಟ ವಾಚು ಕೆಳಗೆ ಬಿದ್ದು ಚೂರಾಯಿತು. ಬಿದ್ದರೂ ಒಡೆಯದ ವಾಚು ಮಾಡುತ್ತೇನೆ ಅಂತ ಹೊರಟರು. ಹತ್ತು ಮೀಟರ್ ಮೇಲಿಂದ ಬಿದ್ದರೂ ಏನೂ ಆಗಬಾರದು, ಹತ್ತು ಬಾರ್, ಅಂದರೆ 100 ಮೀಟರ್ ಲೆಕ್ಕದ ನೀರಿನ ಒತ್ತಡ ತಡೆಯಬೇಕು, ಸೆಲ್ಲು ಹತ್ತು ವರ್ಷ ಬರಬೇಕು, ಇದು ಗುರಿ. ಆಫೀಸಿನ ಮೂರನೇ ಮಹಡಿಯ ಶೌಚಾಲಯದ ಕಿಟಕಿಯಿಂದ ಒಂದೊಂದೇ ಮಾದರಿ ಎಸೆದು ನೋಡುತ್ತಿದ್ದರು. ಒಂದು ಭಾಗ ಗಟ್ಟಿ ಮಾಡಿದರೆ ಇನ್ನೊಂದು ಒಡೆಯುತ್ತಿತ್ತು. ಕೊನೆಗೆ ಪಾರ್ಕಿನಲ್ಲಿ ಒಂದು ಹುಡುಗಿ ಚೆಂಡು ಪುಟಿಸುವುದನ್ನು ನೋಡಿ, ಚೆಂಡಿನ ನಟ್ಟನಡುವೆ ಮಷೀನು ತೇಲುತ್ತಿದ್ದರೆ ಏಟು ತಾಗುವುದಿಲ್ಲವಲ್ಲ ಅಂತ ಹೊಳೆಯಿತಂತೆ. ಇವತ್ತಿಗೂ ಜಿ-ಶಾಕ್ ಒಳಗೆ ಮಷೀನನ್ನು ಕೆಲವೇ ಜಾಗದಲ್ಲಿ ಮಾತ್ರ ತಾಗುವ ಹಾಗೆ ಕೂರಿಸಿರುತ್ತಾರೆ. 1983ರಲ್ಲಿ ಮೊದಲ ವಾಚು ಮಾರುಕಟ್ಟೆಗೆ ಬಂತು.

ಎರಡನೆಯದು ದಿನದ ವಾಚು. ನಿಮ್ಮ ದುಡ್ಡಿನಲ್ಲಿ ಹೆಚ್ಚು ಪಾಲು ಇದಕ್ಕೇ ಹೋಗಲಿ, ಯಾಕೆಂದರೆ ವಾರದಲ್ಲಿ ಐದು ದಿನ ಕೈಯಲ್ಲಿ ಇರುವುದು ಇದೇ. 36ರಿಂದ 40 ಮಿಲಿಮೀಟರ್, ಸ್ಟೀಲ್ ಕೇಸು, ಸಾದಾ ಡಯಲ್, ತಾರೀಕು ಇದ್ದರೆ ಒಳ್ಳೆಯದು, 100 ಮೀಟರ್ ನೀರಿನ ತಡೆ. ಬಿಳಿ, ಕಪ್ಪು, ಗಾಢ ನೀಲಿ, ಈ ಮೂರರಲ್ಲಿ ಒಂದು ಬಣ್ಣ. ಹಸಿರು, ಕಿತ್ತಳೆ ಎಲ್ಲ ಚೆಂದವೇ, ಆದರೆ ಒಂದೇ ದಿನದ ವಾಚು ಇರುವಾಗ ಆರು ತಿಂಗಳಿಗೆ ಅಂಗಿಯ ಜೊತೆ ಜಗಳ ಶುರುವಾಗುತ್ತದೆ.

ಸೀಕೊ 5 ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 1963ರಲ್ಲಿ ಈ ಸಾಲು ಶುರುವಾದಾಗ ಐದು ಗುಣ ಅಂತ ಹೇಳಿಕೊಂಡಿದ್ದರು. ಆಟೋಮ್ಯಾಟಿಕ್, ವಾರ ಮತ್ತು ತಾರೀಕು ಒಂದೇ ಕಿಟಕಿಯಲ್ಲಿ, ನೀರಿನ ತಡೆ, ನಾಲ್ಕು ಗಂಟೆಯ ಹತ್ತಿರ ಒಳಗೆ ಸೇರಿದ ಕೀ, ಗಟ್ಟಿ ಕೇಸು ಮತ್ತು ಚೈನು. ಈಗ ಬರುವ 5 ಸ್ಪೋರ್ಟ್ಸ್‌ನಲ್ಲಿ 38 ಮಿಲಿಮೀಟರ್ ಅಳತೆಯೂ ಸಿಗುತ್ತದೆ, ನಮ್ಮ ಕೈಗೆ ಅದೇ ಒಳ್ಳೆಯದು. ಆದರೆ ಆಟೋಮ್ಯಾಟಿಕ್‌ನ ಒಂದು ಗುಣ ತಿಳಿದಿರಲಿ. ಎರಡು ದಿನ ಬಿಚ್ಚಿಟ್ಟರೆ ನಿಂತುಹೋಗುತ್ತದೆ. ಸೋಮವಾರ ಬೆಳಗ್ಗೆ ಬಸ್ಸಿಗೆ ಹೊತ್ತಾಗಿರುವಾಗ ನಿಂತ ವಾಚಿಗೆ ಟೈಮು, ತಾರೀಕು, ವಾರ ಕೂರಿಸುವ ತಾಳ್ಮೆ ನಿಮಗೆ ಇದೆಯಾ? ಇಲ್ಲ ಅಂದರೆ ನಾಚಿಕೆ ಬೇಡ, ಸಿಟಿಜನ್ ಇಕೊ-ಡ್ರೈವ್ ತೆಗೆದುಕೊಳ್ಳಿ. ಡಯಲ್ ಮೇಲೆ ಬೆಳಕು ಬಿದ್ದರೆ ಸಾಕು, ಅದು ಚಾರ್ಜ್ ಆಗುತ್ತಿರುತ್ತದೆ, ಸೆಲ್ಲು ಬದಲಾಯಿಸುವ ತಲೆನೋವು ಇಲ್ಲ. ತುಂಬುತೋಳಿನ ಅಂಗಿ ಹಾಕುವವರು ಆಗಾಗ ಕಿಟಕಿ ಹತ್ತಿರ ಇಡಬೇಕು, ಅಷ್ಟೆ. ಟೈಟಾನ್, ಟೈಮೆಕ್ಸ್‌ಗಳ ಸಾದಾ ಕ್ವಾರ್ಟ್ಜ್ ಕೂಡ ಸಾಕು. ಆಟೋಮ್ಯಾಟಿಕ್ ಇಲ್ಲದವನು ವಾಚು ಪ್ರೇಮಿಯೇ ಅಲ್ಲ ಅಂತ ಕೆಲವರು ಹೇಳುತ್ತಾರೆ. ಅವರ ಮಾತು ಬಿಡಿ.

ನೀರಿನ ವಿಷಯ ಬಂತಲ್ಲ, ಅದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 30 ಮೀಟರ್ ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಅಂತಲ್ಲ. ಅದು ಅಲ್ಲಾಡದ ನೀರಿನ ಒತ್ತಡದ ಲೆಕ್ಕ, ಅದೂ ಹೊಸ ವಾಚಿನದು. 30 ಮೀಟರ್ ಅಂದರೆ ಕೈ ತೊಳೆಯುವಾಗ ಹನಿ ಬಿದ್ದರೆ, ಸಣ್ಣ ಮಳೆ ಬಂದರೆ ಪರವಾಗಿಲ್ಲ. 50 ಮೀಟರ್ ಇದ್ದರೆ ಇನ್ನೂ ಸ್ವಲ್ಪ ಧೈರ್ಯ. ಈಜಬೇಕು ಅಂದರೆ 100. ಬಿಸಿನೀರಿನ ಸ್ನಾನಕ್ಕೆ ಯಾವುದನ್ನೂ ಕಟ್ಟಿಕೊಂಡು ಹೋಗಬೇಡಿ. ಹಿಂದಿನ ಮುಚ್ಚಳದ ಒಳಗೆ ಒಂದು ತೆಳ್ಳನೆ ರಬ್ಬರ್ ರಿಂಗ್ ಇರುತ್ತದೆ. ಬಿಸಿ ಮತ್ತು ಸೋಪು ಎರಡೂ ಅದಕ್ಕೆ ಆಗಿಬರುವುದಿಲ್ಲ. ಸೆಲ್ಲು ಬದಲಾಯಿಸುವಾಗ ಆ ರಿಂಗ್ ಮಡಿಚಿಕೊಂಡರೂ ಸಾಕು, 100 ಮೀಟರ್ ಅಂತ ಬರೆದಿದ್ದು ಸುಮ್ನೆ ಬರಹವಾಗಿ ಉಳಿಯುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಒಣಗುತ್ತದೆ ಅಂತ ಕಾಯಬೇಡಿ, ಅವತ್ತೇ ಬಿಚ್ಚಿಸಿ.

ಮೂರನೆಯದು ತೆಳ್ಳಗಿನ ವಾಚು. ಮದುವೆ, ಗೃಹಪ್ರವೇಶ, ಇಂಟರ್‌ವ್ಯೂ, ರೇಷ್ಮೆ ಸೀರೆ, ಪಂಚೆ ಶಲ್ಯ, ಇವುಗಳ ಜೊತೆ ಹೋಗುವಂಥದ್ದು. ಇಲ್ಲಿ ತಾರೀಕೂ ಬೇಡ, ಹೊಳೆಯುವ ಮುಳ್ಳೂ ಬೇಡ. ಕ್ವಾರ್ಟ್ಜ್ ಇಷ್ಟಪಡುವವರಿಗೆ ಟೈಟಾನ್ ಎಡ್ಜ್ ಇದೆ. 2002ರಲ್ಲಿ ಬಂದಾಗ ಇಡೀ ವಾಚು 3.5 ಮಿಲಿಮೀಟರ್ ದಪ್ಪ, ಒಳಗಿನ ಮಷೀನು 1.15 ಮಿಲಿಮೀಟರ್. ಅಷ್ಟು ತೆಳ್ಳಗೆ ಮಾಡುವುದು ಹುಡುಗಾಟ ಅಲ್ಲ. ಇದನ್ನು ಮಾಡಿದ್ದು ನಮ್ಮ ಪಕ್ಕದ ಹೊಸೂರಿನವರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆಟೋಮ್ಯಾಟಿಕ್‌ನಲ್ಲೇ ಬೇಕು ಅಂದರೆ ಓರಿಯಂಟ್ ಬ್ಯಾಂಬಿನೊ ನೋಡಿ, ಗಾಜು ಗುಂಡಗೆ ಉಬ್ಬಿರುತ್ತದೆ. ಎಡ್ಜ್‌ನಷ್ಟು ತೆಳ್ಳಗಿಲ್ಲ, ಆದರೆ ಹಳೇ ಕಾಲದ ಲಕ್ಷಣ ಇದೆ.

ನನ್ನ ಓಟು ಮಾತ್ರ ಕೀ ಕೊಡುವ ಎಚ್‌ಎಂಟಿಗೆ. ಜನತಾ, ಪೈಲಟ್, ಸೋನಾ, ಹೀಗೆ ಎಷ್ಟೋ ಹೆಸರು. ಜನತಾ, ಪೈಲಟ್ ಎರಡರ ಒಳಗೂ ಸಾಮಾನ್ಯವಾಗಿ ಒಂದೇ 0231 ಮಷೀನು, 17 ಜುವೆಲ್, ಸೆಕೆಂಡಿಗೆ ಐದು ಬಡಿತ. ಕಿವಿಗೆ ಹಿಡಿದರೆ ಆ ಟಿಕ್ ಟಿಕ್ ಕ್ವಾರ್ಟ್ಜ್ ಥರ ಒಂದೊಂದೇ ಆಗಿ ಬರುವುದಿಲ್ಲ, ಸಣ್ಣಗೆ ಓಡುತ್ತಿರುತ್ತದೆ. ಹಿಂದಿನ ಮುಚ್ಚಳ ತೆಗೆದರೆ ಗುಲಾಬಿ ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ, ಅವೇ ಜುವೆಲ್‌ಗಳು, ಕೃತಕ ಮಾಣಿಕ್ಯ. ಚಕ್ರದ ಅಚ್ಚು ಅದರೊಳಗೆ ತಿರುಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಸವೆಯಬಾರದು ಅಂತ. ಈ ಮಷೀನನ್ನು ಬಿಚ್ಚಿ ಜೋಡಿಸಲು ಬರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಹಳೇ ವಾಚಿನಿಂದ ಬಿಡಿಭಾಗವೂ ಸಿಗುತ್ತದೆ. ಹೊಸಬರು ಕೀ ವಾಚಿನ ರುಚಿ ನೋಡಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಕಾಣುವುದಿಲ್ಲ.

ಆದರೆ ಹುಷಾರು. ಆನ್‌ಲೈನ್‌ನಲ್ಲಿ ಸಿಗುವ ಹಳೇ ಎಚ್‌ಎಂಟಿಗಳಲ್ಲಿ ಬಹಳಷ್ಟಕ್ಕೆ ಡಯಲ್ ಹೊಸದಾಗಿ ಬಳಿದಿರುತ್ತಾರೆ. ಸಂಗ್ರಹ ಮಾಡುವವರು ಇದಕ್ಕೆ ಮುಂಬೈ ಸ್ಪೆಷಲ್ ಅಂತಲೇ ಹೆಸರಿಟ್ಟಿದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಐವತ್ತು ವರ್ಷದ ವಾಚಿಗೆ ನಿನ್ನೆ ಅಚ್ಚಾದ ಹಾಗೆ ಹೊಳೆಯುವ ಕೆಂಪು, ನೇರಳೆ ಡಯಲ್ ಇದ್ದರೆ ಅನುಮಾನ ಪಡಿ. ಭೂತಗನ್ನಡಿ ಹಿಡಿದು ಅಕ್ಷರ ನೋಡಿ, ಅಸಲಿಯಲ್ಲಿ ಅಂಚು ಚೂಪಾಗಿರುತ್ತದೆ, ಬಳಿದದ್ದರಲ್ಲಿ ಶಾಯಿ ಸ್ವಲ್ಪ ಹರಡಿರುತ್ತದೆ. ನಿಮಿಷದ ಗೆರೆಗಳು 12ರ ಹತ್ತಿರ ಸರಿಯಾಗಿ ಸೇರುತ್ತವಾ ನೋಡಿ. ಮುಚ್ಚಳದ ಸುತ್ತ ಗೀರು ಜಾಸ್ತಿ ಇದ್ದರೆ, ಒಳಗಿನ ಸ್ಕ್ರೂ ತಲೆ ಸವೆದಿದ್ದರೆ, ಎಷ್ಟೋ ಕೈ ಬಿದ್ದಿದೆ ಅಂತ ಅರ್ಥ. ಬಳಿದ ಡಯಲ್ ಇದ್ದರೂ ಕಟ್ಟಬಾರದು ಅಂತೇನಿಲ್ಲ. ಅದು ಬಳಿದದ್ದು ಅಂತ ಗೊತ್ತಿದ್ದು, ಅದರ ಬೆಲೆಯನ್ನೇ ಕೊಟ್ಟು ತೆಗೆದುಕೊಂಡರೆ ತಪ್ಪಿಲ್ಲ. ಚಿನ್ನದ ಬೆಲೆ ಕೇಳುವವರ ಹತ್ತಿರ ಮುಚ್ಚಳ ತೆಗೆದ ಫೋಟೋ ಕೇಳಿ. ಕೊಡುವುದಿಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಫಸ್ಟ್ ಕಾಪಿ, ಅಂದರೆ ದೊಡ್ಡ ಹೆಸರಿನ ನಕಲಿ ವಾಚಿನ ಬಗ್ಗೆ ಒಂದೇ ಮಾತು, ಬೇಡ. ಮೂರು ಸಾವಿರಕ್ಕೆ ರೋಲೆಕ್ಸ್ ಅಂತ ಬರೆದದ್ದು ಸಿಗುತ್ತದೆ. ಅದೇ ಮೂರು ಸಾವಿರಕ್ಕೆ ಅಸಲಿ ಕ್ಯಾಸಿಯೊ ಬರುತ್ತದೆ, ನಾಳೆ ಕೆಟ್ಟರೆ ಸರ್ವಿಸ್ ಸೆಂಟರಿಗೆ ತಲೆಯೆತ್ತಿ ಹೋಗಬಹುದು. ಇನ್ನು ಬಟ್ಟೆ ಕಂಪನಿಯ ಹೆಸರಿರುವ ದುಬಾರಿ ವಾಚುಗಳು. ಒಳಗೆ ಹೆಚ್ಚಾಗಿ ಸಾಧಾರಣ ಕ್ವಾರ್ಟ್ಜ್ ಇರುತ್ತದೆ, ಬೆಲೆಯ ದೊಡ್ಡ ಪಾಲು ಹೆಸರಿಗೆ. ಡಯಲ್ ಮೇಲೆ ಮೂರು ಸಣ್ಣ ಡಯಲ್ ಇರುವ ವಾಚು ಕಂಡರೆ ಬದಿಯ ಬಟನ್ ಒತ್ತಿ ನೋಡಿ, ಅಗ್ಗದ ಕೆಲವದರಲ್ಲಿ ಅವು ಬರೀ ಚಿತ್ರ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಬೆಲ್ಟು. ನಾಲ್ಕನೇ ವಾಚು ಬೇಕು ಅನಿಸಿದಾಗೆಲ್ಲ ಒಂದು ಬೆಲ್ಟು ಕೊಳ್ಳಿ. ತಮಾಷೆಯಲ್ಲ. ಕಂದು ಚರ್ಮದಿಂದ ಬೂದು ನೈಲಾನ್‌ಗೆ ಬದಲಾಯಿಸಿದರೆ ಅದೇ ಸೀಕೊ ಬೇರೆ ವಾಚೇ ಅನಿಸುತ್ತದೆ. ಇಲ್ಲಿ ಒಂದು ಉಪಾಯ ಇದೆ. ಎರಡು ಕಿವಿಗಳ ನಡುವಿನ ಅಗಲ ಸಾಮಾನ್ಯವಾಗಿ 18, 20 ಅಥವಾ 22 ಮಿಲಿಮೀಟರ್ ಇರುತ್ತದೆ. ನಿಮ್ಮ ಎರಡನೆಯ ಮತ್ತು ಮೂರನೆಯ ವಾಚು ಎರಡಕ್ಕೂ ಒಂದೇ ಅಗಲ ಇರುವ ಹಾಗೆ ಆರಿಸಿ. 38 ಮಿಲಿಮೀಟರಿನ ಸೀಕೊ 5ಕ್ಕೂ 20, ಅದರ ಜೊತೆ 20ರದ್ದೇ ಇನ್ನೊಂದು. ಆಗ ನೇರ ತುದಿಯ ಒಂದು ಚೈನು, ಎರಡು ಚರ್ಮ, ಎರಡು ನೈಲಾನ್, ಒಂದು ರಬ್ಬರ್, ಆರು ಬೆಲ್ಟೂ ಎರಡು ವಾಚಿಗೂ ಹೊಂದುತ್ತವೆ. ಲೆಕ್ಕ ಹಾಕಿ, ಎರಡೇ ವಾಚಿನಲ್ಲಿ ಹನ್ನೆರಡು ಥರ. ಜನತಾ ತೆಗೆದುಕೊಂಡವರು 18ರ ಲೆಕ್ಕದಲ್ಲಿ ಜೋಡಿ ಹುಡುಕಿ.

ಬೆಲ್ಟು ಬದಲಾಯಿಸಲು ಅಂಗಡಿಗೆ ಹೋಗಬೇಕಿಲ್ಲ. ಕವಲು ತುದಿಯ ಸಣ್ಣ ಸಾಧನ ಒಂದು ಸಿಗುತ್ತದೆ. ಕಿವಿಯ ಒಳಗಿನ ಸ್ಪ್ರಿಂಗ್ ಪಿನ್ನನ್ನು ಅದರಿಂದ ಒಳಗೆ ಒತ್ತಿದರೆ ಬೆಲ್ಟು ಈಚೆ ಬರುತ್ತದೆ. ಮೊದಲ ಸಲ ಮಾಡುವಾಗ ಕಿವಿಯ ಹಿಂಭಾಗಕ್ಕೆ ಸೆಲ್ಲೊ ಟೇಪ್ ಅಂಟಿಸಿಕೊಳ್ಳಿ, ಗೀರು ಬೀಳುವುದಿಲ್ಲ. ಒಂದು ತಟ್ಟೆಯ ಒಳಗೆ ಇಟ್ಟುಕೊಂಡು ಮಾಡಿ. ಆ ಪಿನ್ನು ಹಾರಿ ಮಂಚದ ಕೆಳಗೆ ಹೋದರೆ ಸಿಗುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಲೆನಾಡಿನವರು ಇಲ್ಲಿ ಇದ್ದೀರಿ ಅಂತ ಕೇಳಿದೆ. ನಿಮಗೆ ಬೇರೆ ಲೆಕ್ಕ. ಜೂನ್ ಬಂತು ಅಂದರೆ ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ. ಮಳೆಗಾಲ ಮುಗಿಯುವವರೆಗೆ ಚರ್ಮ ಬಿಚ್ಚಿ ನೈಲಾನ್ ಅಥವಾ ರಬ್ಬರ್ ಹಾಕಿ. ಹಿಂದಿನ ಮುಚ್ಚಳದ ಕೆಳಗೆ ಪೂರ್ತಿ ಹಾಯ್ದು ಹೋಗುವ ನೈಲಾನ್ ಬೆಲ್ಟು ಇದೆಯಲ್ಲ, ನೇಟೊ ಬೆಲ್ಟು ಅನ್ನುತ್ತಾರೆ, ಬ್ರಿಟಿಷ್ ಸೈನ್ಯದಿಂದ ಬಂದದ್ದು. ಒಂದು ಪಿನ್ನು ಕಿತ್ತುಹೋದರೂ ವಾಚು ಕೈಯಲ್ಲೇ ಉಳಿಯುತ್ತದೆ, ರಾತ್ರಿ ತೊಳೆದು ಹಾಕಿದರೆ ಬೆಳಗ್ಗೆ ಒಣಗಿರುತ್ತದೆ. ಬಿಚ್ಚಿಟ್ಟ ಚರ್ಮದ ಬೆಲ್ಟನ್ನು ಡಬ್ಬಿಯಲ್ಲಿ ಹಾಕುವಾಗ ಶೂ ಡಬ್ಬಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ. ಬಳ್ಳಾರಿ, ರಾಯಚೂರಿನ ಬಿಸಿಲಿನವರಿಗೂ ಬೇಸಿಗೆಯಲ್ಲಿ ಚರ್ಮ ಬೇಡ, ಬೆವರಿಗೆ ವಾಸನೆ ಹಿಡಿದರೆ ಹೋಗುವುದಿಲ್ಲ.

ನೋಡಿಕೊಳ್ಳುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೀ ವಾಚಿಗೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಕೈಯಿಂದ ಬಿಚ್ಚಿ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಒಳಗಿನ ಸಣ್ಣ ಕಡ್ಡಿಯ ಮೇಲೆ ಅಡ್ಡ ಭಾರ ಬೀಳುತ್ತದೆ. ಕೀ ಬಿಗಿಯಾದ ತಕ್ಷಣ ನಿಲ್ಲಿಸಿ, ಇನ್ನೊಂದು ಸುತ್ತು ಅಂತ ಒತ್ತಬೇಡಿ. ತಾರೀಕು ಇರುವ ಆಟೋಮ್ಯಾಟಿಕ್‌ನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ಒಳಗೆ ತಾರೀಕು ತಿರುಗಿಸಬೇಡಿ. ಆ ಹೊತ್ತಿನಲ್ಲಿ ತಾರೀಕಿನ ಚಕ್ರದ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಒತ್ತಾಯ ಮಾಡಿದರೆ ಮುರಿಯುತ್ತವೆ. ಮುಳ್ಳನ್ನು ಆರು ಗಂಟೆಗೆ ತಂದು, ಆಮೇಲೆ ತಾರೀಕು ಬದಲಾಯಿಸಿ, ಕೊನೆಗೆ ಟೈಮು ಕೂರಿಸಿ. ಫೋನು, ಸ್ಪೀಕರು, ಅಯಸ್ಕಾಂತ ಇರುವ ಟ್ಯಾಬ್ಲೆಟ್ ಕವರು, ಇವುಗಳ ಮೇಲೆ ಕೀ ವಾಚು, ಆಟೋಮ್ಯಾಟಿಕ್ ಇಡಬೇಡಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಹತ್ತಾರು ನಿಮಿಷ ಮುಂದೆ ಓಡಲು ಶುರುಮಾಡಿದರೆ ಹೆಚ್ಚಾಗಿ ಕಾರಣ ಅಯಸ್ಕಾಂತವೇ. ರಿಪೇರಿಯವರು ಒಂದು ಸಣ್ಣ ಯಂತ್ರದ ಮೇಲೆ ಹಿಡಿದು ಕ್ಷಣದಲ್ಲಿ ಸರಿಮಾಡಿ ಕೊಡುತ್ತಾರೆ. ಪೂರ್ತಿ ಸರ್ವಿಸ್ ಬೇಕು ಅಂತ ಹೇಳಿದರೆ ಮೊದಲು ಇದನ್ನು ನೋಡಿ ಅಂತ ಕೇಳಿ. ಇನ್ನು ಕ್ವಾರ್ಟ್ಜ್. ನಿಂತುಹೋದ ಸೆಲ್ಲನ್ನು ಒಳಗೇ ಬಿಡಬೇಡಿ, ಅದು ಸೋರಿದರೆ ಮಷೀನು ಹಾಳಾಗುತ್ತದೆ. ಬಿಚ್ಚಿಡುವುದಾದರೆ ಸೆಲ್ಲು ತೆಗೆಸಿ ಇಡಿ.

ಗಾಜಿನ ಬಗ್ಗೆ ಒಬ್ಬರು ಕೈ ಎತ್ತಿದ್ದರು. ಹಳೇ ಎಚ್‌ಎಂಟಿಯಲ್ಲಿ ಇರುವುದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಬೇಗ ಗೀರು ಬೀಳುತ್ತದೆ, ಆದರೆ ಸುಲಭಕ್ಕೆ ಒಡೆಯುವುದಿಲ್ಲ. ಸಣ್ಣ ಗೀರನ್ನು ಹತ್ತಿಬಟ್ಟೆಗೆ ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ನಿಧಾನಕ್ಕೆ ಉಜ್ಜಿದರೆ ಹೋಗುತ್ತದೆ. ಮಿನರಲ್, ಅಂದರೆ ನಿಜವಾದ ಗಾಜಿಗೆ ಈ ಉಪಾಯ ನಡೆಯುವುದಿಲ್ಲ, ಗೀರು ಬಿದ್ದರೆ ಬಿತ್ತು. ಸಫೈರ್, ಅಂದರೆ ಕೃತಕ ನೀಲಮಣಿಯ ಹರಳು, ಗೀರಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಆದರೆ ಗ್ರಾನೈಟ್ ಅಂಚಿಗೆ ಬಲವಾಗಿ ಬಡಿದರೆ ಚಕ್ಕೆ ಏಳಬಹುದು. ದಿನದ ವಾಚಿಗೆ ದುಡ್ಡು ಹೊಂದಿದರೆ ಸಫೈರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದಕ್ಕಾಗಿ ಕಾಯುವಷ್ಟು ದೊಡ್ಡ ವಿಷಯ ಅಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ತಂಗಿಯದು. ತಾತನ ಎಚ್‌ಎಂಟಿ ಬೀರುವಿನಲ್ಲಿ ಇದೆ, ಕೀ ಕೊಟ್ಟರೆ ಓಡುತ್ತದೆ, ದಿನಾ ಕಟ್ಟಬಹುದಾ ಅಂತ. ಹಾಗಿದ್ದರೆ ಮೂರನೇ ವಾಚು ನಿಮ್ಮ ಮನೆಯಲ್ಲೇ ಇದೆಯಮ್ಮ, ಕೊಳ್ಳಬೇಡಿ. ಆದರೆ ಓಡುತ್ತದೆ ಅಂತ ಹಾಗೇ ಕಟ್ಟಬೇಡಿ. ವರ್ಷಗಟ್ಟಲೆ ಕೂತ ವಾಚಿನಲ್ಲಿ ಎಣ್ಣೆ ಒಣಗಿರುತ್ತದೆ, ಒಣ ಚಕ್ರ ಓಡಿದಷ್ಟೂ ಸವೆಯುತ್ತದೆ. ಮೊದಲು ಕೀ ವಾಚು ಬಿಚ್ಚಿ ಗೊತ್ತಿರುವ ಹಿರಿಯ ರಿಪೇರಿಯವರ ಹತ್ತಿರ ಹೋಗಿ. ಮುಚ್ಚಳ ತೆಗೆದು ನಿಮ್ಮ ಎದುರಿಗೇ ಮಷೀನಿನ ಫೋಟೋ ತೆಗೆದುಕೊಳ್ಳಿ. ತೊಳೆದು ಎಣ್ಣೆ ಹಾಕಿ ಅಂತ ಹೇಳಿ. ಕೇಸು ಪಾಲಿಶ್ ಬೇಡ, ಡಯಲ್ ಮುಟ್ಟುವುದು ಬೇಡ, ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ವಾಪಸ್ ಕೊಡಬೇಕು ಅಂತ ರಸೀತಿಯ ಮೇಲೆಯೇ ಬರೆಸಿಕೊಳ್ಳಿ. ಹೊಸದರಂತೆ ಮಾಡಿ ಕೊಡುತ್ತೇನೆ ಅಂತ ಯಾರಾದರೂ ಉತ್ಸಾಹ ತೋರಿಸಿದರೆ ವಾಚನ್ನು ಅಲ್ಲಿ ಬಿಡಬೇಡಿ, ತೆಗೆದುಕೊಂಡು ಬನ್ನಿ.